ಐಎಸ್‌ಓ ಏರಿಸಲು ಇಷ್ಟು ಭಯ ಯಾಕೆ? ಕಡಿಮೆ ಬೆಳಕಲ್ಲಿ ಫೋಟೊ ತೆಗೆಯುವವರು ಬನ್ನಿ

ಮಬ್ಬುಬೆಳಕು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳದೆ ಓದಿ.

ಹೋದ ವಾರ ಒಳಾಂಗಣದಲ್ಲಿ ಒಂದು ಬ್ಯಾಡ್ಮಿಂಟನ್ ಪಂದ್ಯದ ಫೋಟೊ ತೆಗೆದೆ. ಕಣ್ಣಿಗೆ ಬೆಳಕು ಬೇಕಾದಷ್ಟಿತ್ತು, ಕ್ಯಾಮೆರಾಗೆ ಸಾಲಲಿಲ್ಲ. ಐಎಸ್‌ಓ (ಫೋಟೊದ ಹೊಳಪು ಏರಿಸುವ ಸಂಖ್ಯೆ) 1600 ದಾಟಿದರೆ ಫೋಟೊ ಕೆಟ್ಟಿತು ಅಂತ ಎಂದೋ ಯಾರೋ ಹೇಳಿದ್ದು ತಲೆಯಲ್ಲಿ ಕೂತುಬಿಟ್ಟಿತ್ತು. ಅದಕ್ಕೇ 1600ಕ್ಕೆ ಇಟ್ಟೆ. ಲೆನ್ಸಿನ ಕಂಡಿಯನ್ನು (ಅಪರ್ಚರ್) ಎಫ್/2.8ಕ್ಕೆ ಪೂರ್ತಿ ತೆರೆದರೂ (ಈ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಜಾಸ್ತಿ) ಶಟರ್, ಅಂದರೆ ಬೆಳಕು ಬೀಳುವ ಹೊತ್ತು, 1/200 ಸೆಕೆಂಡಿಗಿಂತ ಚುರುಕಾಗಲಿಲ್ಲ.

ಮನೆಗೆ ಬಂದು ದೊಡ್ಡ ಪರದೆಯಲ್ಲಿ ತೆರೆದೆ. ಒಂದು ಫೋಟೊದಲ್ಲಿ ಹುಡುಗಿ ನೆಲ ಬಿಟ್ಟು ಹಾರಿದ್ದಾಳೆ. ಮುಖ ಸ್ಪಷ್ಟವಾಗಿದೆ, ಕಣ್ಣು ಶಟಲ್ ಮೇಲೇ ನೆಟ್ಟಿದೆ, ಕುತ್ತಿಗೆಯ ಬೆವರೂ ಕಾಣುತ್ತದೆ. ಆದರೆ ಮೊಣಕೈಯಿಂದ ಮುಂದೆ ಕೈಯೇ ಇಲ್ಲ. ಬೂದು ಬಣ್ಣ ಬಳಿದ ಹಾಗೆ ಒಂದು ಗೆರೆ. ರ‍್ಯಾಕೆಟ್ ಗಾಳಿಯಲ್ಲಿ ಕರಗಿಹೋಗಿದೆ. ಹೀಗೆ ಸುಮಾರು ಮುನ್ನೂರು ಫೋಟೊ. ಎಲ್ಲೂ ನಾಯ್ಸ್ (ತರಿತರಿ ಚುಕ್ಕೆ) ಇಲ್ಲ, ಆದರೆ ಕೊಡಲು ಯೋಗ್ಯವಾದದ್ದು ಹತ್ತೂ ಇಲ್ಲ.

ಕೊನೆಯ ಇಪ್ಪತ್ತು ನಿಮಿಷ ಮಾತ್ರ, ಇನ್ನೇನು ಪಂದ್ಯ ಮುಗಿಯುತ್ತದೆ ಅಂತ ಧೈರ್ಯ ಮಾಡಿ 6400ಕ್ಕೆ ಏರಿಸಿ ಶಟರ್ 1/800 ಮಾಡಿದ್ದೆ. ಅದರಲ್ಲಿ ಹಿಡಿಕೆಗೆ ಸುತ್ತಿದ ಪಟ್ಟಿಯ ಅಂಚು ಕೂಡ ಎಣಿಸುವ ಹಾಗಿದೆ. ಕಪ್ಪು ಚಡ್ಡಿಯ ಮೇಲೆ ತರಿತರಿ ಇದೆ, ನಿಜ. ಆಟಗಾರರು ಆರಿಸಿಕೊಂಡ ಫೋಟೊಗಳೆಲ್ಲ ಆ ಇಪ್ಪತ್ತು ನಿಮಿಷದವೇ. ತರಿಯ ಬಗ್ಗೆ ಒಬ್ಬರೂ ಒಂದು ಮಾತು ಆಡಲಿಲ್ಲ.

ಇದಾದ ಮೇಲೆ ನನಗೆ ಅನಿಸಿದ್ದು ಇಷ್ಟು. ಹೆಚ್ಚಿನ ಐಎಸ್‌ಓ ಚೆನ್ನಾಗಿರುವ ಕ್ಯಾಮೆರಾ ಬೇಕಿರುವುದು ನುಣುಪಾದ ಫೋಟೊಗಲ್ಲ, ಬೇಕಾದ ಶಟರ್ ವೇಗಕ್ಕೆ. ಹಾಗಾದರೆ ಅದಕ್ಕಾಗಿ ಹೊಸ ಬಾಡಿ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ) ತೆಗೆದುಕೊಳ್ಳಬೇಕಾ, ಲೆನ್ಸ್ ಬದಲಿಸಬೇಕಾ, ಇಲ್ಲ ಈಗಿನ ನಾಯ್ಸ್ ತೆಗೆಯುವ ಸಾಫ್ಟ್‌ವೇರೇ ಸಾಕಾ? ನಿಮ್ಮ ಅನುಭವ ಹೇಳಿ.

ಹಳೇ ರೀಲು

1600ರ ಭಯ ನಿಮ್ಮೊಬ್ಬರದ್ದಲ್ಲ. ಅದು ಒಂದು ಕಾಲದಲ್ಲಿ ನಿಜವೇ ಆಗಿತ್ತು. ನಾನು ಫಿಲ್ಮ್ ಕಾಲದವನು. ಐಎಸ್‌ಓ 400ರ ಫಿಲ್ಮ್ ಹಾಕಿ 1600 ಅಂತ ಲೆಕ್ಕ ಹಿಡಿದು ತೆಗೆಯುತ್ತಿದ್ದೆವು, ಆಮೇಲೆ ಡೆವಲಪರ್ ರಾಸಾಯನಿಕದಲ್ಲಿ ಜಾಸ್ತಿ ಹೊತ್ತು ಬಿಡುತ್ತಿದ್ದೆವು. ಬಿಳಿ ಇನ್ನೂ ಬಿಳಿಯಾಗುತ್ತಿತ್ತು, ನೆರಳು ಮಾತ್ರ ಇದ್ದಿಲಿನ ಹಾಗೆ ಕಪ್ಪಗೇ ಉಳಿಯುತ್ತಿತ್ತು. ಬೆಳಕೇ ಬೀಳದ ಜಾಗದಲ್ಲಿ ಎಷ್ಟು ಹೊತ್ತು ಡೆವಲಪ್ ಮಾಡಿದರೆ ಏನು ಬರುತ್ತದೆ ಹೇಳಿ. 1988ರಲ್ಲಿ ಕೊಡಾಕ್ ಟಿ-ಮ್ಯಾಕ್ಸ್ ಪಿ3200 ಅನ್ನುವ ಹೆಚ್ಚಿನ ಐಎಸ್‌ಓ ಫಿಲ್ಮ್ ಬಂದಾಗ ನಮಗೆಲ್ಲ ಹಬ್ಬ. ಅದೂ ಕಪ್ಪು-ಬಿಳುಪು. ಒಮ್ಮೆ ರೀಲು ಹಾಕಿದರೆ 36 ಫೋಟೊಗೂ ಅದೇ ಐಎಸ್‌ಓ, ಮಧ್ಯದಲ್ಲಿ ಬಿಸಿಲಿಗೆ ಬಂದರೂ ಅದೇ.

ಡಿಜಿಟಲ್ ಬಂದ ಮೊದಲ ವರ್ಷಗಳಲ್ಲಿ 1600 ಅಂದರೆ ಮುಖದ ಮೇಲೆ ಕೆಂಪು, ಹಸಿರು ಚುಕ್ಕೆಗಳು. ಆ ಚುಕ್ಕೆ ಫಿಲ್ಮ್ ತರಿಯ ಹಾಗೆ ಕಣ್ಣಿಗೆ ಹಿತವಲ್ಲ. 2007ರಲ್ಲಿ ನಿಕಾನ್ ಡಿ3 ಕ್ಯಾಮೆರಾ ಬಂತು, 6400ರವರೆಗೆ ನೇರ ಐಎಸ್‌ಓ. ಬಣ್ಣದಲ್ಲಿ 6400! ಮೊದಲ ಸಲ ಆ ಫೈಲ್ ನೋಡಿದಾಗ ನಾನು ಎರಡು ಸಲ ಸೆಟ್ಟಿಂಗ್ ತೆಗೆದು ಖಾತ್ರಿ ಮಾಡಿಕೊಂಡೆ. ಎರಡೇ ವರ್ಷದಲ್ಲಿ ಡಿ3ಎಸ್ ಅದನ್ನು 12800ಕ್ಕೆ ಒಯ್ದಿತು, ಮಾಮೂಲು ಮಿತಿ ಮೀರಿ ಹಿಗ್ಗಿಸಿದರೆ 102400. ಫ್ಲ್ಯಾಶ್ ಹೊಡೆಯುವಂತಿಲ್ಲದ ಕಡೆಯೆಲ್ಲ ಆಗ ನಮಗೆ ಬಾಗಿಲು ತೆರೆಯಿತು. ಕ್ಯಾಮೆರಾ ಬದಲಾಯಿತು, 1600ರ ನಿಯಮ ಮಾತ್ರ ಬಾಯಿಂದ ಬಾಯಿಗೆ ಹಾಗೇ ಉಳಿಯಿತು.

ಲೆಕ್ಕದ ಕಣ್ಣು

ಒಂದು ತಪ್ಪು ತಿಳಿವಳಿಕೆ ಮೊದಲು ಬಿಡಿಸೋಣ. ಐಎಸ್‌ಓ ಏರಿಸಿದರೆ ಸೆನ್ಸರ್ (ಕ್ಯಾಮೆರಾ ಒಳಗೆ ಬೆಳಕು ಹಿಡಿಯುವ ಫಲಕ) ಜಾಸ್ತಿ ಬೆಳಕು ಹಿಡಿಯುವುದಿಲ್ಲ. ಎಷ್ಟು ಬೆಳಕು ಬೀಳಬೇಕು ಅನ್ನುವುದನ್ನು ಶಟರ್ ಮತ್ತು ಅಪರ್ಚರ್ ತೀರ್ಮಾನಿಸಿ ಆಗಿರುತ್ತದೆ. ಬಿದ್ದದ್ದನ್ನು ಎಷ್ಟು ಹಿಗ್ಗಿಸಿ ತೋರಿಸಬೇಕು ಅನ್ನುವುದಷ್ಟೇ ಐಎಸ್‌ಓ ಕೆಲಸ.

ನಾಯ್ಸ್ ಎಲ್ಲಿಂದ ಬರುತ್ತದೆ? ಅಂಗಳದಲ್ಲಿ ಒಂದೇ ಅಳತೆಯ ನೂರು ಬಟ್ಟಲು ಇಟ್ಟು ತುಂತುರು ಮಳೆಗೆ ಬಿಡಿ. ಅರ್ಧ ನಿಮಿಷಕ್ಕೆ ಎತ್ತಿ ನೋಡಿದರೆ ಒಂದರಲ್ಲಿ ಏಳು ಹನಿ, ಪಕ್ಕದ್ದರಲ್ಲಿ ಹನ್ನೆರಡು. ರಾತ್ರಿಯಿಡೀ ಬಿಟ್ಟರೆ ಎಲ್ಲದರಲ್ಲೂ ಹೆಚ್ಚು ಕಡಿಮೆ ಒಂದೇ ಮಟ್ಟ. ಬೆಳಕೂ ಹೀಗೇ ಹನಿಹನಿಯಾಗಿ ಬೀಳುತ್ತದೆ. ಒಂದು ಪಿಕ್ಸೆಲ್‌ಗೆ ಸರಾಸರಿ 100 ಫೋಟಾನ್ (ಬೆಳಕಿನ ಹನಿ) ಬಿದ್ದರೆ ಏರುಪೇರು ಸುಮಾರು 10, ಅಂದರೆ ನೂರಕ್ಕೆ ಹತ್ತು. 10000 ಬಿದ್ದರೆ ಏರುಪೇರು 100, ನೂರಕ್ಕೆ ಒಂದು. ವರ್ಗಮೂಲದ ಲೆಕ್ಕ ಅಷ್ಟೇ. ಈ ನಾಯ್ಸ್ ಬೆಳಕಲ್ಲೇ ಇದೆ. ಎಂಥ ಒಳ್ಳೆಯ ಸೆನ್ಸರ್ ತಂದರೂ ಇದನ್ನು ಕಳೆಯಲು ಆಗುವುದಿಲ್ಲ.

ಇನ್ನೊಂದು ನಾಯ್ಸ್ ಕ್ಯಾಮೆರಾದ್ದೇ, ಸೆನ್ಸರ್‌ನಿಂದ ಸಂಕೇತ ಓದುವಾಗ ಸೇರಿಕೊಳ್ಳುವಂಥದ್ದು. ಓದುವುದಕ್ಕೂ ಮೊದಲೇ ಹಿಗ್ಗಿಸಿಕೊಂಡರೆ ಅದರ ಕಾಟ ಕಡಿಮೆ. ಅಂದರೆ ಶಟರ್, ಅಪರ್ಚರ್ ಎರಡೂ ಹಾಗೇ ಇದ್ದಾಗ ಐಎಸ್‌ಓ ಏರಿಸಿದರೆ ನೆರಳಿನ ಭಾಗ ಎಷ್ಟೋ ಸಲ ಇನ್ನೂ ಸ್ವಚ್ಛವಾಗುತ್ತದೆ. ಕಳೆದುಕೊಳ್ಳುವುದು ಮೇಲಿನ ತುದಿ. ಪ್ರತಿ ಸ್ಟಾಪ್‌ಗೂ (ಒಂದು ಸ್ಟಾಪ್ ಅಂದರೆ ಎರಡು ಪಟ್ಟು) ಹೈಲೈಟ್‌ನಲ್ಲಿ, ಅಂದರೆ ತೀರಾ ಹೊಳೆಯುವ ಭಾಗದಲ್ಲಿ, ಸುಮಾರು ಒಂದು ಸ್ಟಾಪ್ ಜಾಗ ಹೋಗುತ್ತದೆ. ಬಿಳಿ ಅಂಗಿ, ವೇದಿಕೆಯ ದೀಪ, ಇವು ಬೇಗ ಸುಟ್ಟು ಬರೀ ಬಿಳಿಯಾಗುತ್ತವೆ.

ಹೊಸ ಕಣ್ಣು

ಸರ್, ನಾನು ಕಲಿಯುತ್ತಿದ್ದೇನೆ, ತಪ್ಪಿದ್ದರೆ ತಿದ್ದಿ. ಐಎಸ್‌ಓ ನಾಯ್ಸ್ ತರುವುದಿಲ್ಲ ಅಂದರೆ, ನಾನು 100ರಲ್ಲಿ ತೆಗೆದದ್ದು ನುಣುಪಾಗಿ, 6400ರಲ್ಲಿ ತೆಗೆದದ್ದು ತರಿತರಿಯಾಗಿ ಯಾಕೆ ಬರುತ್ತದೆ?

ಲೆಕ್ಕದ ಕಣ್ಣು

ಯಾಕೆಂದರೆ ನೀವು ಐಎಸ್‌ಓ ಏರಿಸಿದ ಕೂಡಲೇ ಕ್ಯಾಮೆರಾ ಶಟರ್ ವೇಗ ಹೆಚ್ಚಿಸಿ ಬೆಳಕು ಕಡಿಮೆ ಮಾಡಿಬಿಡುತ್ತದೆ. 100ರಿಂದ 6400 ಅಂದರೆ ಆರು ಸ್ಟಾಪ್, ಬೆಳಕು 64ರಲ್ಲಿ ಒಂದು ಪಾಲು. ನೀವು ನೋಡುತ್ತಿರುವುದು ಆ ಕೊರತೆ. ಒಂದು ಸಲ ಮ್ಯಾನ್ಯುಯಲ್‌ನಲ್ಲಿ ಶಟರ್, ಅಪರ್ಚರ್ ಕಟ್ಟಿಹಾಕಿ ಐಎಸ್‌ಓ ಮಾತ್ರ ಬದಲಿಸಿ, ರಾ ಫೈಲ್ (ಸೆನ್ಸರ್ ಕೊಟ್ಟ ಕಚ್ಚಾ ಮಾಹಿತಿ) ತೆಗೆದು, ಕಂಪ್ಯೂಟರ್‌ನಲ್ಲಿ ಎರಡನ್ನೂ ಒಂದೇ ಹೊಳಪಿಗೆ ತಂದು ನೋಡಿ. ನಾನು ಹತ್ತು ಸಾಲು ಬರೆಯುವುದಕ್ಕಿಂತ ಅದು ಮೇಲು.

ಹಕ್ಕಿ ಹಿಂದೆ

ನಾನು ಹಕ್ಕಿ ಫೋಟೊ ತೆಗೆಯುವವಳು. ನಮ್ಮ ಪಾಡು ಬೇರೆಯೇ. ಹಕ್ಕಿ ಚಟುವಟಿಕೆಯಿಂದ ಇರುವುದು ನಸುಕಿನಲ್ಲಿ, ಬೆಳಕು ಇಲ್ಲದಿರುವುದೂ ನಸುಕಿನಲ್ಲೇ. ನನ್ನ ಜೂಮ್ ಉದ್ದದ ತುದಿಯಲ್ಲಿ ಎಫ್/6.3. ಹಾರುವ ಹಕ್ಕಿಗೆ 1/2000 ಬೇಕು. ಮೊದಲ ಬೆಳಕಿನಲ್ಲಿ 6400, 12800 ನನಗೆ ದಿನನಿತ್ಯದ ಮಾತು. ನಿಮ್ಮ ಹಾಗೆ ನಾನೂ ಮೊದಲು ಹೆದರುತ್ತಿದ್ದೆ. ಒಂದು ಮಿಂಚುಳ್ಳಿ ಮೀನು ಹಿಡಿದು ನೀರಿನಿಂದ ಏಳುವ ಗಳಿಗೆ 1/500ರಲ್ಲಿ ಸಿಕ್ಕಿತು. ಕೊಕ್ಕು ಚೂಪಾಗಿದೆ, ಮೀನೂ ಇದೆ, ರೆಕ್ಕೆ ಮಾತ್ರ ನೀಲಿ ಹೊಗೆ. ಇವತ್ತಿಗೂ ಆ ಫೈಲ್ ಅಳಿಸಲು ಮನಸ್ಸು ಬಂದಿಲ್ಲ.

ಆದರೆ ಒಂದು ಮಾತು ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ನಮ್ಮ ಫೋಟೊಗಳ ನಾಯ್ಸ್‌ನಲ್ಲಿ ಅರ್ಧ ಪಾಲು ಐಎಸ್‌ಓದ್ದಲ್ಲ, ಕ್ರಾಪ್‌ನದ್ದು. ದೂರದ ಹಕ್ಕಿಯನ್ನು ಕತ್ತರಿಸಿ ಫ್ರೇಮಿನ ಕಾಲು ಭಾಗ ಮಾತ್ರ ಉಳಿಸಿಕೊಂಡರೆ ಸೆನ್ಸರ್ ಹಿಡಿದ ಬೆಳಕಲ್ಲಿ ಮುಕ್ಕಾಲು ಪಾಲು ಬಿಸಾಡಿದ ಹಾಗೆ. ಎರಡು ಸ್ಟಾಪ್ ಅಲ್ಲೇ ಹೋಯಿತು. 1600ರ ಫೈಲ್ 6400ರ ಹಾಗೆ ಕಾಣುತ್ತದೆ. ಹೊಸ ಬಾಡಿ ಕೊಡುವ ಅರ್ಧ ಸ್ಟಾಪ್‌ಗಿಂತ ಮರೆಯಲ್ಲಿ ಅಲುಗದೆ ಕೂತು ಹಕ್ಕಿಯೇ ಹತ್ತಿರ ಬರಲಿ ಅಂತ ಕಾದದ್ದು ನನಗೆ ಜಾಸ್ತಿ ಲಾಭ ಕೊಟ್ಟಿದೆ.

ವೇದಿಕೆ ಪಕ್ಕ

ನಾನು ಸ್ವಲ್ಪ ಅಡ್ಡ ಮಾತಾಡುತ್ತೇನೆ. ನಾಟಕ, ನೃತ್ಯ ತೆಗೆಯುವವನು. ಐಎಸ್‌ಓ ಬಲದಿಂದ ಕತ್ತಲನ್ನು ಹಗಲು ಮಾಡುವ ಚಟ ನನಗೆ ಹಿಡಿಸುವುದಿಲ್ಲ. ಬೆಳಕು ಕಡಿಮೆ ಇರುವ ಕಡೆ ಬೆಳಕು ಕೆಟ್ಟದ್ದೂ ಆಗಿರುತ್ತದೆ ಸಾಮಾನ್ಯವಾಗಿ. ತಲೆ ಮೇಲಿನ ದೀಪ, ಕಣ್ಣ ಕೆಳಗೆ ಗುಂಡಿ. 25600ರಲ್ಲಿ ತೆಗೆದರೂ ಆ ಗುಂಡಿ ಹೋಗುವುದಿಲ್ಲ.

ಮೊದಲು ಲೆನ್ಸ್ ನೋಡಿ ಅಣ್ಣ. ಕ್ಯಾಮೆರಾ ಜೊತೆ ಬರುವ ಕಿಟ್ ಜೂಮ್ ತುದಿಯಲ್ಲಿ ಎಫ್/5.6. ಒಂದು ಸಾದಾ 85 ಎಂಎಂ ಎಫ್/1.8 ಹಾಕಿ. ಮೂರು ಸ್ಟಾಪ್‌ಗಿಂತ ಜಾಸ್ತಿ ಬೆಳಕು. 12800 ಬೇಕಾಗಿದ್ದ ಕಡೆ 1300ರ ಆಸುಪಾಸಿಗೆ ಇಳಿಯುತ್ತೀರಿ. ಯಾವ ಹೊಸ ಸೆನ್ಸರೂ ಇಷ್ಟು ಕೊಡುವುದಿಲ್ಲ.

ಎರಡನೆಯದು, ಗಳಿಗೆ ಹಿಡಿಯುವುದು. ಜಿಗಿತದ ತುತ್ತತುದಿಯಲ್ಲಿ ದೇಹ ಒಂದು ಕ್ಷಣ ನಿಲ್ಲುತ್ತದೆ. ತಿರುಗಿ ನಿಂತಾಗ, ಮಾತಿನ ನಡುವೆ ಉಸಿರು ತೆಗೆದುಕೊಂಡಾಗ, ಅಲ್ಲೆಲ್ಲ 1/160 ಸಾಕು. ತಾಳ ಗೊತ್ತಿದ್ದರೆ ಆ ಗಳಿಗೆ ಮೊದಲೇ ಗೊತ್ತಾಗುತ್ತದೆ.

ಮಬ್ಬುಬೆಳಕು

ಲೆನ್ಸ್ ಮಾತು ಒಪ್ಪುತ್ತೇನೆ ಅಣ್ಣ. ಆದರೆ ಎಫ್/1.8ರಲ್ಲಿ ಇಬ್ಬರು ಆಟಗಾರರು ಸ್ವಲ್ಪ ಹಿಂದೆ ಮುಂದೆ ನಿಂತರೆ ಒಬ್ಬರ ಮುಖ ಮಾತ್ರ ಸಿಗುತ್ತದೆ, ಇನ್ನೊಬ್ಬರದ್ದು ಮಂಜು. ಡಬಲ್ಸ್‌ನಲ್ಲಿ ನನಗೆ ಎಫ್/4 ಆದರೂ ಬೇಕು. ಆಗ ಉಳಿಯುವ ದಾರಿ ಐಎಸ್‌ಓ ಒಂದೇ ಅಲ್ವಾ? ಇನ್ನು ಸ್ಮ್ಯಾಷ್ ಹೊಡೆಯುವ ಕೈ ಜಿಗಿತದ ತುದಿಯಲ್ಲೂ ನಿಲ್ಲುವುದಿಲ್ಲ. ಮೈ ನಿಂತಾಗಲೇ ಕೈ ಓಡುವುದು.

ಇನ್ನೊಂದು ವಿಷಯ. ಲೆಕ್ಕದ ಕಣ್ಣು ಅವರು ಹೇಳಿದ ಪರೀಕ್ಷೆ ನಿನ್ನೆ ರಾತ್ರಿ ಮಾಡಿದೆ. ಕೋಣೆಯಲ್ಲಿ ಒಂದೇ ಟೇಬಲ್ ದೀಪ, ಟ್ರೈಪಾಡ್, ಎದುರಿಗೆ ಪುಸ್ತಕಗಳ ಸಾಲು. ಎಫ್/4, 1/60 ಕಟ್ಟಿಹಾಕಿ ಒಂದು ಸಲ 200, ಒಂದು ಸಲ 3200. ಮೊದಲನೆಯದು ಪರದೆಯಲ್ಲಿ ಬರೀ ಕಪ್ಪು. ಅದನ್ನು ನಾಲ್ಕು ಸ್ಟಾಪ್ ಎತ್ತಿದೆ. ನನ್ನ ಹತ್ತು ವರ್ಷದ ಹಳೇ ಬಾಡಿಯಲ್ಲಿ ಪುಸ್ತಕದ ಬೆನ್ನಿನ ಕಂದು ಬಣ್ಣ ನೇರಳೆಗೆ ತಿರುಗಿತು, ನೆರಳಲ್ಲಿ ಅಡ್ಡಡ್ಡ ಪಟ್ಟೆ ಎದ್ದವು, ಚಿಕ್ಕ ಅಕ್ಷರ ಓದಲು ಆಗಲಿಲ್ಲ. 3200ರದ್ದರಲ್ಲಿ ತರಿ ಇದೆ, ಆದರೆ ಅಕ್ಷರ ಓದಬಹುದು, ಕಂದು ಕಂದಾಗಿಯೇ ಇದೆ. ಗೆಳೆಯನ ಹೊಸ ಬಾಡಿಯಲ್ಲಿ ಎರಡೂ ಹೆಚ್ಚು ಕಡಿಮೆ ಒಂದೇ. ಇಷ್ಟು ದಿನ 1600ರಲ್ಲಿ ಕತ್ತಲೆಯಾಗಿ ತೆಗೆದು ಆಮೇಲೆ ಎತ್ತುತ್ತಿದ್ದ ಫೋಟೊಗಳು ನೆನಪಾಗಿ ಹೊಟ್ಟೆ ಉರಿಯಿತು.

ಲೆಕ್ಕದ ಕಣ್ಣು

ಬಹಳ ಸಂತೋಷ. ಹೊಸದರಲ್ಲಿ ಎರಡೂ ಒಂದೇ ಆಗಲು ಕಾರಣ ಓದುವಾಗಿನ ನಾಯ್ಸ್ ಈಗ ಅಷ್ಟು ಕಡಿಮೆ ಆಗಿರುವುದು. ಜೊತೆಗೆ ಈಗಿನ ಎಷ್ಟೋ ಸೆನ್ಸರ್‌ಗಳಲ್ಲಿ ಎರಡು ಗೇನ್ (ಸಂಕೇತ ಹಿಗ್ಗಿಸುವ) ಹಂತ ಇರುತ್ತವೆ. ಸೋನಿ ಎ7 III ಕ್ಯಾಮೆರಾದಲ್ಲಿ ಎರಡನೇ ಹಂತ 640ಕ್ಕೆ ಶುರು. ಹಾಗಾಗಿ ಅದರಲ್ಲಿ 640ರ ನೆರಳು 500ರ ನೆರಳಿಗಿಂತ ಸ್ವಚ್ಛ. ಪ್ಯಾನಸೋನಿಕ್ ಜಿಎಚ್5ಎಸ್‌ನಲ್ಲಿ 400 ಮತ್ತು 2500 ಅಂತ ಎರಡು ಮೂಲ ಐಎಸ್‌ಓ ಅಂತಲೇ ಹೇಳಿ ಕೊಟ್ಟರು. ನಿಮ್ಮ ಬಾಡಿಯ ಆ ಹಂತ ಯಾವುದು ಅಂತ ತಿಳಿದುಕೊಂಡರೆ ಸುಮ್ನೆ ಅದರ ಸ್ವಲ್ಪ ಕೆಳಗೆ ನಿಲ್ಲುವ ತಪ್ಪು ಆಗುವುದಿಲ್ಲ.

ಕೊಳ್ಳುವ ಮಾತು ಬಂದರೆ ಪೆಟ್ಟಿಗೆ ಮೇಲಿನ ಅತಿ ದೊಡ್ಡ ಸಂಖ್ಯೆ ನೋಡಬೇಡಿ. 2016ರ ನಿಕಾನ್ ಡಿ5 ಹಿಗ್ಗಿಸಿದರೆ 32 ಲಕ್ಷ ದಾಟುತ್ತಿತ್ತು. ಅಲ್ಲಿ ಏನೋ ಇದೆ ಅಂತ ಗುರುತಿಸಬಹುದು, ಫೋಟೊ ಅಂತ ಕೊಡಲು ಆಗುವುದಿಲ್ಲ. ಸೆನ್ಸರ್ ಅಳತೆ ನೋಡಿ. ಫುಲ್ ಫ್ರೇಮ್ 36ಕ್ಕೆ 24 ಮಿಲಿಮೀಟರ್. ಎಪಿಎಸ್-ಸಿ ಅದರ ಅರ್ಧಕ್ಕಿಂತ ಕಡಿಮೆ ವಿಸ್ತೀರ್ಣ, ಸುಮಾರು ಒಂದೂ ಕಾಲು ಸ್ಟಾಪ್ ವ್ಯತ್ಯಾಸ. ಮೈಕ್ರೋ ಫೋರ್ ಥರ್ಡ್ಸ್ ಸುಮಾರು ಕಾಲು ಭಾಗ, ಎರಡು ಸ್ಟಾಪ್. ಒಂದೇ ಕಾಲದ ಎರಡು ಬಾಡಿಗಳ ನಡುವೆ ಕಾಣುವ ದೊಡ್ಡ ವ್ಯತ್ಯಾಸ ಇದೇ. ಪಿಕ್ಸೆಲ್ ಜಾಸ್ತಿ ಇದ್ದರೆ ನಾಯ್ಸ್ ಜಾಸ್ತಿ ಅನ್ನುವುದು ಪರದೆಯಲ್ಲಿ ಒಂದೊಂದು ಪಿಕ್ಸೆಲ್ ಕಾಣುವಷ್ಟು ಹಿಗ್ಗಿಸಿ ನೋಡುವವರ ಚಿಂತೆ. ಒಂದೇ ಅಳತೆಗೆ ಪ್ರಿಂಟ್ ಹಾಕಿದರೆ ಬಹಳ ಮಟ್ಟಿಗೆ ಸಮ ಆಗುತ್ತದೆ.

ಹೊಸ ಕಣ್ಣು

ಹಾಗಾದರೆ ನನ್ನ ಫೋನ್ ರಾತ್ರಿ ಫೋಟೊ ಅಷ್ಟು ಚೆನ್ನಾಗಿ ಹೇಗೆ ತೆಗೆಯುತ್ತದೆ ಸರ್? ಅದರ ಸೆನ್ಸರ್ ಉಗುರಿನಷ್ಟೂ ಇಲ್ಲವಲ್ಲ.

ಹಕ್ಕಿ ಹಿಂದೆ

ಅದು ಒಂದು ಫೋಟೊ ಅಲ್ಲಪ್ಪ, ಒಂದರ ಹಿಂದೆ ಒಂದು ಹಲವು ತೆಗೆದು ಸೇರಿಸುತ್ತದೆ. 16 ಫೋಟೊ ಸರಾಸರಿ ಮಾಡಿದರೆ ನಾಯ್ಸ್ ಕಾಲು ಭಾಗಕ್ಕೆ ಇಳಿಯುತ್ತದೆ. ಕಟ್ಟಡ, ಬೆಟ್ಟ, ಊಟದ ಮೇಜು, ಇವಕ್ಕೆ ಬಹಳ ಒಳ್ಳೆಯದು. ನಕ್ಷತ್ರ ತೆಗೆಯುವವರೂ ಇದನ್ನೇ ಮಾಡುತ್ತಾರೆ. ನನ್ನ ಮಿಂಚುಳ್ಳಿ 16 ಫೋಟೊ ಮುಗಿಯುವವರೆಗೆ ನಿಲ್ಲುವುದಿಲ್ಲ. ಓಡುವ ಮಗು, ಆಡುವ ಕೈ, ಇವಕ್ಕೆಲ್ಲ ಒಂದೇ ಅವಕಾಶ. ಐಎಸ್‌ಓ ಬೇಕಾಗುವುದು ಅಲ್ಲೇ.

ವೇದಿಕೆ ಪಕ್ಕ

ನಾಯ್ಸ್ ತೆಗೆಯುವ ಸಾಫ್ಟ್‌ವೇರ್ ಬಗ್ಗೆ ಯಾರೂ ಬರೆಯಲಿಲ್ಲ, ನಾನು ಬರೆಯುತ್ತೇನೆ. 2020ರಲ್ಲಿ ಡಿಎಕ್ಸ್‌ಓ ಡೀಪ್‌ಪ್ರೈಮ್ ಬಂತು, 2023ರಲ್ಲಿ ಲೈಟ್‌ರೂಮ್‌ಗೂ ಎಐ ಡಿನಾಯ್ಸ್ ಬಂತು. ಎರಡಕ್ಕೂ ರಾ ಫೈಲ್ ಕೊಟ್ಟರೆ ಕೆಲಸ ಚೆನ್ನ. ಅದೆಷ್ಟು ಚೆನ್ನ ಅಂದರೆ ನಾನು ಮೂಲೆಗೆ ಹಾಕಿದ್ದ ಹಳೇ ನಾಟಕದ ಫೈಲ್‌ಗಳನ್ನು ಮತ್ತೆ ತೆಗೆದು ಕೂತೆ. ಎಷ್ಟೋ ಸಲ ಎರಡು ಸ್ಟಾಪ್ ಉಳಿತಾಯ ಆದ ಹಾಗೆ ಅನಿಸಿತು.

ಆದರೆ ಒಂದು ಕಡೆ ಎದೆ ಧಸಕ್ಕೆಂದಿತು. 12800ರ ಒಂದು ಗುಂಪು ದೃಶ್ಯ. ಮುಂದಿನ ಸಾಲಿನವರ ಕಣ್ಣು, ರೆಪ್ಪೆ ಎಲ್ಲ ಸರಿ. ಹಿಂದಿನ ಸಾಲಿನಲ್ಲಿ ಮುಖ ಹೆಸರುಕಾಳಿನಷ್ಟು ಚಿಕ್ಕದಿದ್ದ ಒಬ್ಬ ಹಿರಿಯ ನಟರು ಇದ್ದರು. ಅವರ ಮುಖ ಮೇಣದಲ್ಲಿ ಮಾಡಿದ ಹಾಗಾಗಿತ್ತು. ಸುಕ್ಕು ಹೋಗಿ, ತುಟಿಗೆ ಬೇರೆಯೇ ಆಕಾರ ಬಂದಿತ್ತು. ಅದು ಅವರಲ್ಲ. ಮಾಹಿತಿ ಇಲ್ಲದ ಕಡೆ ಸಾಫ್ಟ್‌ವೇರ್ ಊಹೆ ಮಾಡುತ್ತದೆ. ಗೋಡೆ, ಪರದೆ, ಆಕಾಶ ಊಹೆ ಮಾಡಿದರೆ ಅಡ್ಡಿ ಇಲ್ಲ. ಮುಖ ಊಹೆ ಮಾಡಬಾರದು. ಈಗ ನಾನು ಡಿನಾಯ್ಸ್‌ನ ಬಲ ಅರ್ಧಕ್ಕೆ ಇಳಿಸುತ್ತೇನೆ, ದೂರದ ಮುಖಗಳನ್ನು ಒಂದೊಂದಾಗಿ ಮೂಲದ ಜೊತೆ ಹೋಲಿಸಿ ನೋಡುತ್ತೇನೆ, ಬೇಕಾದಷ್ಟು ತರಿ ಹಾಗೇ ಬಿಡುತ್ತೇನೆ.

ಮತ್ತೆ, ಇದನ್ನು ಬರೆಯುತ್ತಿದ್ದ ಹಾಗೆ ನನ್ನ ಮೊದಲ ಮಾತು ಸ್ವಲ್ಪ ತಿದ್ದಿಕೊಳ್ಳಬೇಕು ಅನಿಸಿತು. ಸೆನ್ಸರ್ ಒಳ್ಳೆಯದಿದ್ದರೆ ಆ ಮುಖದಲ್ಲಿ ನಿಜವಾದ ಮಾಹಿತಿ ಇನ್ನಷ್ಟು ಉಳಿದಿರುತ್ತಿತ್ತು. ಹೆಚ್ಚಿನ ಐಎಸ್‌ಓ ಕೆಲಸಕ್ಕೆ ಬರುವುದಿಲ್ಲ ಅಂತ ನಾನು ಹೇಳಲಾರೆ.

ಹಳೇ ರೀಲು

ಮೇಣದ ಮುಖಕ್ಕಿಂತ ತರಿ ಮೇಲು. ನಾನು ಸಾಯುವವರೆಗೂ ಇದೇ ಹೇಳುವುದು.

ಮಬ್ಬುಬೆಳಕು

ಎಲ್ಲರಿಗೂ ಧನ್ಯವಾದ. ಮೊನ್ನೆ ಅದೇ ಅಂಗಣದಲ್ಲಿ ಇನ್ನೊಂದು ಪಂದ್ಯ ಇತ್ತು. ಈ ಸಲ ಶಟರ್ 1/1000, ಎಫ್/2.8 ಕಟ್ಟಿಹಾಕಿ ಐಎಸ್‌ಓ ಆಟೊಗೆ ಬಿಟ್ಟೆ, ಮಿತಿ 12800. ಹೆಚ್ಚು ಸಲ 8000ದ ಹತ್ತಿರ ನಿಂತಿತು. ಬಿಳಿ ಅಂಗಿ ಸುಡದ ಹಾಗೆ ಹಿಸ್ಟೋಗ್ರಾಂ (ಹೊಳಪಿನ ನಕ್ಷೆ) ನೋಡಿಕೊಂಡೆ, ಆದರೆ ಕತ್ತಲೆಯಾಗಿ ಮಾತ್ರ ತೆಗೆಯಲಿಲ್ಲ. ಐಎಸ್‌ಓ ಕಡೆ ನೋಡುವುದು ಬಿಟ್ಟ ಮೇಲೆ ಆಟದ ಕಡೆ ಕಣ್ಣು ಹೋಯಿತು. ಯಾರು ಎಡಗೈ, ಯಾರು ಮೊದಲು ಜಿಗಿಯುತ್ತಾರೆ ಅನ್ನುವುದೆಲ್ಲ ಈಗ ಗೊತ್ತಾಗುತ್ತಿದೆ.

ಒಂದು ಹೊಸ ತೊಂದರೆ ಕಂಡಿತು. ಒಂದೇ ಬರ್ಸ್ಟ್‌ನಲ್ಲಿ (ಗುಂಡಿ ಒತ್ತಿ ಹಿಡಿದು ಸಾಲಾಗಿ ತೆಗೆದದ್ದರಲ್ಲಿ) ಒಂದು ಫೋಟೊ ಹಳದಿ, ಮುಂದಿನದು ಸರಿ, ಅದರ ಮುಂದಿನದು ಮಬ್ಬು. 1/200ರಲ್ಲಿ ಹೀಗೆ ಆಗುತ್ತಿರಲಿಲ್ಲ.

ಲೆಕ್ಕದ ಕಣ್ಣು

ದೀಪದ ಮಿನುಗು. ಕರೆಂಟಿನ ಮೇಲೆ ನಡೆಯುವ ಎಷ್ಟೋ ದೀಪಗಳು ಸೆಕೆಂಡಿಗೆ 100 ಅಥವಾ 120 ಸಲ ಏರಿ ಇಳಿಯುತ್ತವೆ. 1/200ರಲ್ಲಿ ಏರಿಳಿತದ ದೊಡ್ಡ ಪಾಲು ಒಂದೇ ಫೋಟೊದಲ್ಲಿ ಬೆರೆತುಹೋಗುತ್ತದೆ, 1/1000ರಲ್ಲಿ ಒಂದು ಚೂರು ಮಾತ್ರ ಸಿಗುತ್ತದೆ. ಮೆನುವಿನಲ್ಲಿ ಆಂಟಿ-ಫ್ಲಿಕರ್ ಇದ್ದರೆ ಹಾಕಿ, ದೀಪ ತುದಿ ಮುಟ್ಟುವ ಹೊತ್ತಿಗೆ ಶಟರ್ ಬಿಡುತ್ತದೆ. ಬರ್ಸ್ಟ್ ವೇಗ ಸ್ವಲ್ಪ ಇಳಿಯಬಹುದು. ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್ ಬಳಸಿ.

ಮಬ್ಬುಬೆಳಕು

ಹಾಕಿದೆ, ಹಿಡಿತಕ್ಕೆ ಬಂತು. ಇನ್ನೊಂದು ಹೇಳಬೇಕು. ಮೊದಲ ಪಂದ್ಯದಲ್ಲಿ ಕೈ ಇಲ್ಲದೆ ಸಿಕ್ಕಿದ್ದ ಹುಡುಗಿ ಈ ಸಲವೂ ಆಡಿದಳು. ಅದೇ ಸ್ಮ್ಯಾಷ್, ಐಎಸ್‌ಓ 8000. ಡಿನಾಯ್ಸ್ ಅರ್ಧ ಬಲದಲ್ಲಿ ಮಾಡಿ ಎ3 ಅಳತೆಯಲ್ಲಿ ಪ್ರಿಂಟ್ ಹಾಕಿಸಿ ಕೊಟ್ಟೆ. ನಾನು ಅವಳ ಪಕ್ಕ ನಿಂತು ಹಿನ್ನೆಲೆಯ ಕಪ್ಪಿನಲ್ಲಿ ತರಿ ಹುಡುಕುತ್ತಿದ್ದೆ. ಅವಳು ಪ್ರಿಂಟ್ ಕಣ್ಣಿನ ಹತ್ತಿರ ಹಿಡಿದು ತನ್ನ ಬೆರಳುಗಳನ್ನೇ ನೋಡುತ್ತಿದ್ದಳು. "ಹೆಬ್ಬೆರಳು ಮೇಲೆ ಹೋಗಿದೆ, ಅದಕ್ಕೇ ಶಟಲ್ ಹೊರಗೆ ಬಿತ್ತು" ಅಂತ ಪಕ್ಕದಲ್ಲಿದ್ದ ಕೋಚ್‌ಗೆ ತೋರಿಸಿದಳು.